ಕರಕರ ಅನ್ನೋ ವೈರ್‌ಲೆಸ್ಸೂ, ಸದ್ದಿಲ್ಲದೆ ಕೈಕೊಡೋ ಡಿಜಿಟಲ್ಲೂ

ಬಹಳ ದಿನಗಳಾಯ್ತು ಇಲ್ಲಿ ಏನನ್ನಾದರೂ ಬರೆದು. ಬ್ಲಾಗಿನ ಮೇಲೆ ಒಂದಿಂಚು ಧೂಳು ಕೂತಿದೆ. ಕಳೆದ ಸಲ ಊರಿಗೆ, ಅಂದರೆ ಗೌರಿಬಿದನೂರಿಗೆ ಹೋಗಿದ್ದಾಗ ಸೋದರಮಾವನ ಜತೆ ಜಗಲಿ ಮೇಲೆ ಕೂತು ಹರಟಿದ್ದು ತಲೆಯಲ್ಲಿ ಕೊರೀತಾನೇ ಇತ್ತು. ಆಮೇಲೆ ಅದೂ ಇದೂ ಓದ್ತಾ ಹೋದ ಹಾಗೆ ವಿಷಯ ಬೆಳೆದು ಬೆಟ್ಟ ಆಯ್ತು. ಹಾಗಾಗಿ ಈ ಬರಹ ಸ್ವಲ್ಪ ಉದ್ದ. ಕಾಫಿ ತಗೊಂಡು ಕೂತ್ಕೊಳ್ಳಿ.

ಮಾವ ಪೊಲೀಸ್ ವೈರ್‌ಲೆಸ್ ಆಪರೇಟರ್ ಆಗಿದ್ದೋರು. ನಿವೃತ್ತರಾಗಿ ಎಷ್ಟೋ ವರ್ಷ ಆಯ್ತು. ಆಗಿನ್ನೂ ಚಿಕ್ಕಬಳ್ಳಾಪುರ ಜಿಲ್ಲೆ ಅಂತ ಇರಲಿಲ್ಲ, ನಾವೆಲ್ಲ ಕೋಲಾರ ಜಿಲ್ಲೆಯವರು (ಜಿಲ್ಲೆ ಒಡೆದದ್ದು 2007ರಲ್ಲಿ). ನಾನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ ಕಾಲದಲ್ಲಿ ಮಾವನಿಗೆ ಊಟದ ಡಬ್ಬಿ ಕೊಡೋದಕ್ಕೆ ಠಾಣೆಗೆ ಹೋಗೋದೇ ಒಂದು ಹಬ್ಬ. ಹಿಂದುಗಡೆ ಒಂದು ಕತ್ತಲೆ ಕೋಣೆ, ಮೇಜಿನ ಮೇಲೆ ಕಬ್ಬಿಣದ ಪೆಟ್ಟಿಗೆಯಂಥ ಸೆಟ್ಟು, ಕೆಳಗೆ ಲಾರಿ ಬ್ಯಾಟರಿ, ಸುರುಳಿ ವೈರಿನ ಮೈಕು. ಅದರಿಂದ ಸದಾ ‘ಸ್ಸ್ಸ್...’ ಅಂತ ಎಣ್ಣೆಯಲ್ಲಿ ಹಪ್ಪಳ ಬಿಟ್ಟಂಥ ಸದ್ದು. ನಡುನಡುವೆ ಯಾರೋ ಕನ್ನಡ, ತೆಲುಗು, ಇಂಗ್ಲಿಷ್ ಮೂರನ್ನೂ ಕಲಸಿ ಏನೋ ಹೇಳಿ ‘ಓವರ್’ ಅನ್ನೋರು. ನನಗೆ ಒಂದಕ್ಷರ ತಿಳೀತಿರಲಿಲ್ಲ. ಮಾವ ಮಾತ್ರ ಡಬ್ಬಿ ಬಿಚ್ಚಿ ಮುದ್ದೆ ಮುರೀತಾ, ಆ ಕಡೆ ತಿರುಗದೇನೇ ಎಲ್ಲವನ್ನೂ ಅರ್ಥ ಮಾಡ್ಕೊಳ್ಳೋರು. ಮೈಕಿನ ಗುಂಡಿ ಒತ್ತಿದ ರೀತಿ, ಉಸಿರು ಎಳೆದ ರೀತಿ ಕೇಳೇ ಆ ಕಡೆ ಇರೋದು ಯಾವ ಪೇದೆ ಅಂತ ಹೇಳಿಬಿಡೋರು!

ಅವರು ಆವತ್ತು ಜಗಲಿ ಮೇಲೆ ಹೇಳಿದ ಕಥೆ ಇದು. ಎಂಬತ್ತರ ದಶಕದ ಕೊನೆ, ಮಳೆಗಾಲದ ರಾತ್ರಿ. ದೂರದ ಒಂದು ಔಟ್‌ಪೋಸ್ಟಿನಿಂದ ಸೆಟ್ಟಿನಲ್ಲಿ ಕೂಗು. ಬ್ಯಾಟರಿ ಸೋತಿತ್ತೋ, ಆಂಟೆನಾ ಬಾಗಿತ್ತೋ, ದನಿ ಸದ್ದಿನೊಳಗೆ ಮುಳುಗಿಹೋಗಿತ್ತು. ಮಾವ ಸ್ಕ್ವೆಲ್ಚ್ ಗುಂಡಿ ಪೂರ್ತಿ ಬಿಚ್ಚಿ, ಕಿವಿಯನ್ನ ಸ್ಪೀಕರಿಗೆ ಅಂಟಿಸಿ ಕೂತರಂತೆ. (ಸ್ಕ್ವೆಲ್ಚ್ ಅಂದರೆ ಬರೀ ಸದ್ದಿದ್ದಾಗ ಸ್ಪೀಕರಿನ ಬಾಯಿ ಮುಚ್ಚೋ ವ್ಯವಸ್ಥೆ.) ಮೂರು ಸಲ ಕೇಳಿದ ಮೇಲೆ ಸಿಕ್ಕಿದ್ದು ಎರಡೇ ಮಾತು: ‘ಬಸ್ಸು... ಕೆರೆ ಕೋಡಿ...’ ಅಷ್ಟು ಸಾಕಾಯ್ತು. ಇವರು ಮೈಕಿನಲ್ಲಿ ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿದರು. ಬೇರೆ ಯಾವುದೋ ಕೆಲಸದ ಮೇಲೆ ಬೇರೆ ದಾರಿಯಲ್ಲಿದ್ದ ಜೀಪೊಂದು, ಯಾರೂ ಕರೆಯದೇ ಇದ್ದರೂ, ಅದನ್ನ ಕೇಳಿಸ್ಕೊಂಡು ಗಾಡಿ ತಿರುಗಿಸ್ತು. ಮೊದಲು ತಲುಪಿದ್ದು ಅದೇ ಜೀಪು.

‘ಈಗಿನ ಡಿಜಿಟಲ್ಲಿನಲ್ಲಿ ಆ ಎರಡು ಮಾತೂ ಬರ್ತಿರಲಿಲ್ಲ ಕಣಯ್ಯ. ಆ ಜೀಪಿಗಂತೂ ಕೇಳಿಸ್ತಾನೇ ಇರಲಿಲ್ಲ’ ಅಂದರು ಮಾವ.

ಹಳೇ ಕಾಲದೋರ ಹಳೇ ಮಾತು ಅಂದ್ಕೊಂಡೆ. ಆದರೆ ಹುಡುಕಿ ಓದಿದ ಮೇಲೆ ಗೊತ್ತಾಯ್ತು, ಮಾವ ಹೇಳಿದ್ದರಲ್ಲಿ ಬಹುಪಾಲು ನಿಜ. ಪೂರ್ತಿ ಅಲ್ಲ, ಅದನ್ನೂ ಹೇಳ್ತೀನಿ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಪೊಲೀಸರ ಕೈಗೆ ರೇಡಿಯೋ ಬಂದದ್ದು 1928ರ ಏಪ್ರಿಲ್‌ನಲ್ಲಿ, ಅಮೆರಿಕದ ಡೆಟ್ರಾಯಿಟ್ ಊರಿನಲ್ಲಿ. ಅದು ಒಂದೇ ಕಡೆಯ ಮಾತು. ಕಂಟ್ರೋಲ್ ರೂಮ್ ಹೇಳೋದು, ಕಾರಿನೋರು ಕೇಳೋದು, ಅಷ್ಟೆ. ಉತ್ತರ ಕೊಡಬೇಕಾದರೆ ಕಾರಿಳಿದು ಟೆಲಿಫೋನು ಹುಡುಕ್ಕೊಂಡು ಹೋಗಬೇಕು. ತಮಾಷೆ ಏನಂದರೆ ಅವರಿಗೆ ಸಿಕ್ಕಿದ್ದ ಪರವಾನಗಿ ಮನರಂಜನಾ ಕೇಂದ್ರದ್ದು. ಹಾಗಾಗಿ ಕಳ್ಳರ ಸುದ್ದಿಯ ನಡುವೆ ಹಾಡೂ ಹಾಕಬೇಕಿತ್ತು :-) ಎರಡೂ ಕಡೆಯಿಂದ ಮಾತಾಡೋ ಸೆಟ್ಟು ನ್ಯೂಜೆರ್ಸಿಯ ಬೇಯೋನ್ ಅನ್ನೋ ಊರಿನ ಪೊಲೀಸರಿಗೆ 1933ರಲ್ಲಿ ಬಂತು. ಅದೇ ವರ್ಷ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಫ್‌ಎಂಗೆ ಪೇಟೆಂಟ್ ಪಡೆದರು. 1940ರ ಹೊತ್ತಿಗೆ ಕನೆಕ್ಟಿಕಟ್ ರಾಜ್ಯದ ಪೊಲೀಸರು ಡೇನಿಯಲ್ ನೋಬಲ್ ರೂಪಿಸಿದ ಎಫ್‌ಎಂ ಸೆಟ್ಟುಗಳನ್ನ ಹಾಕ್ಕೊಂಡರು. ಮುಂದಿನ ಐವತ್ತು ಅರವತ್ತು ವರ್ಷ ಪ್ರಪಂಚದ ಪೊಲೀಸು, ಫೈರ್ ಇಂಜಿನ್ನು, ಆಂಬುಲೆನ್ಸು ಎಲ್ಲ ನಡೆದದ್ದು ಇದೇ ಎಫ್‌ಎಂ ಮೇಲೆ. ಮಾವನ ಸೆಟ್ಟು ಅದರದ್ದೇ ಮರಿಮಗ.

ನಮ್ಮಲ್ಲಿ ಪೊಲೀಸ್ ವೈರ್‌ಲೆಸ್ಸಿನ ಕೇಂದ್ರ ಸಂಸ್ಥೆ ಶುರುವಾದದ್ದು 1946ರ ಫೆಬ್ರವರಿಯಲ್ಲಿ, ಸ್ವಾತಂತ್ರ್ಯಕ್ಕೆ ಒಂದೂವರೆ ವರ್ಷ ಮೊದಲು. ಇವತ್ತು ಅದನ್ನ ಡಿಸಿಪಿಡಬ್ಲ್ಯೂ ಅಂತಾರೆ, ಕೇಂದ್ರ ಗೃಹ ಇಲಾಖೆಯ ಅಡಿ ಬರುತ್ತೆ.

ಸರಿ, ಇಷ್ಟು ಚೆನ್ನಾಗಿ ನಡೀತಿದ್ದ ಎಫ್‌ಎಂ ಬಿಟ್ಟು ಡಿಜಿಟಲ್ ಯಾಕೆ ಬೇಕಾಯ್ತು? ಕಾರಣಗಳು ಸಣ್ಣವಲ್ಲ. ಒಂದು, ಜಾಗ ಇಲ್ಲ. ತರಂಗಾಂತರ ಅನ್ನೋದು ಊರ ಸಂತೆ ಮೈದಾನದ ಹಾಗೆ. ಅಂಗಡಿ ಹೆಚ್ಚಿದ ಹಾಗೆ ಪ್ರತಿಯೊಬ್ಬರೂ ಒತ್ತೊತ್ತಾಗಿ ಕೂರಲೇಬೇಕು. ಇನ್ನೊಂದು, ಹಳೇ ಸೆಟ್ಟಿನ ಮಾತನ್ನ ಯಾರು ಬೇಕಾದರೂ ಕದ್ದು ಕೇಳಬಹುದಿತ್ತು. ನಮ್ಮ ದೇಶದಲ್ಲಿ ಹಾಗೆ ಕೇಳೋದು ಅಪರಾಧ ಅನ್ನೋದು ಬೇರೆ ಮಾತು. ಆದರೆ ಪೊಲೀಸರು ಎಲ್ಲಿದ್ದಾರೆ ಅಂತ ತಿಳ್ಕೋಬೇಕಾದೋನು ಕಾನೂನು ಓದ್ಕೊಂಡು ಬರೋದಿಲ್ಲವಲ್ಲ! ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಇಬ್ಬರದ್ದೂ ಹೋಯ್ತು ಅನ್ನೋ ತಕರಾರೂ ಇತ್ತು. ಹೀಗಾಗಿ ಅಮೆರಿಕದಲ್ಲಿ 1989ರಲ್ಲಿ ಪ್ರಾಜೆಕ್ಟ್ 25 ಅನ್ನೋ ಡಿಜಿಟಲ್ ಪದ್ಧತಿಯ ಕೆಲಸ ಶುರುವಾಯ್ತು. ಯುರೋಪಿನೋರು 1995ರ ಹೊತ್ತಿಗೆ ಟೆಟ್ರಾ ಅನ್ನೋದನ್ನ ತಂದರು. ಅಗ್ಗದ್ದು ಬೇಕು ಅನ್ನೋರಿಗೆ 2005ರಲ್ಲಿ ಡಿಎಂಆರ್ ಬಂತು. ಟೆಟ್ರಾ ನಮಗೂ ಅಪರಿಚಿತ ಏನಲ್ಲ, ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ರೈಲು ಓಡಿಸೋರು ಮಾತಾಡೋದು ಅದರಲ್ಲೇ.

ಈಗ ಮಾವನ ಮೊದಲನೇ ತಕರಾರಿಗೆ ಬರೋಣ. ಡಿಶ್ ಇರೋ ಮನೆಯೋರಿಗೆ ಇದನ್ನ ವಿವರಿಸಿ ಹೇಳಬೇಕಾದ್ದೇ ಇಲ್ಲ. ಹಳೇ ದೂರದರ್ಶನ ಕಾಲದಲ್ಲಿ ಗಾಳಿಗೆ ಆಂಟೆನಾ ತಿರುಗಿದರೆ ಪರದೆ ತುಂಬ ಇರುವೆ ಓಡಾಡೋವು, ಆದರೂ ರಾಮಾಯಣ ನೋಡಬಹುದಿತ್ತು. ಈಗ ಮೋಡ ದಟ್ಟವಾದರೆ ಚಿತ್ರ ಚೌಕ ಚೌಕವಾಗಿ ಒಡೆದು, ನಿಂತು, ಪೂರ್ತಿ ಕಪ್ಪು. ರೇಡಿಯೋದಲ್ಲೂ ಇದೇ ಆಗೋದು. ಎಫ್‌ಎಂ ದನಿ ದೂರ ಹೋದ ಹಾಗೆ ಕರಕರ ಜಾಸ್ತಿ ಆಗುತ್ತೆ. ಕೇಳೋನಿಗೆ ‘ಈತ ಅಂಚಿನಲ್ಲಿದ್ದಾನೆ, ನಾಲ್ಕು ಹೆಜ್ಜೆ ಹಿಂದಕ್ಕೆ ಬಾ ಅನ್ನಬೇಕು’ ಅಂತ ತಿಳಿಯುತ್ತೆ. ಡಿಜಿಟಲ್ ದನಿ ಅಂಚಿನ ತನಕ ಗಾಜಿನ ಹಾಗೆ ಸ್ವಚ್ಛ. ಅಂಚು ದಾಟಿದ ಮೇಲೆ ಏನೂ ಇಲ್ಲ. ಬೆಟ್ಟದ ತುದಿಯಿಂದ ಕಾಲು ಜಾರಿದ ಹಾಗೆ. ಎಚ್ಚರಿಕೆ ಕೊಡೋ ಆ ಕರಕರ ಸದ್ದೇ ಹೋಗಿಬಿಟ್ಟಿದೆ. ಮಾವ ಕಿವಿ ಅಂಟಿಸಿ ಹೆಕ್ಕಿ ತೆಗೆದ ಆ ಎರಡು ಮಾತು ಸಿಗೋದು ಈ ಕರಕರದೊಳಗೇ.

ಇಲ್ಲಿ ನಮ್ಮೂರಿನ ಒಂದು ವಿಷಯ ಹೇಳದೇ ಇದ್ದರೆ ನನಗೆ ಸಮಾಧಾನ ಇಲ್ಲ. ಗೌರಿಬಿದನೂರು ಅಂದರೆ ಬಹಳ ಜನಕ್ಕೆ ವಿದುರಾಶ್ವತ್ಥ ಗೊತ್ತು, ಇಲ್ಲವೇ ಹಿಂದೂಪುರದ ದಾರಿ ಅಂತ ಗೊತ್ತು. ಆದರೆ ನಮ್ಮ ತಾಲ್ಲೂಕಿನ ಕೋಟಾಲದಿನ್ನೆ ಹತ್ತಿರ 1976ರಿಂದ ಒಂದು ರೇಡಿಯೋ ದೂರದರ್ಶಕ ಇದೆ. ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿ ಕಟ್ಟಿದ್ದು. ಬಟ್ಟಲಿನಾಕಾರದ ದೊಡ್ಡ ತಟ್ಟೆ ಅಂತ ಊಹಿಸ್ಕೋಬೇಡಿ. ಕಂಬ ನೆಟ್ಟು ತಂತಿ ಎಳೆದು, ಹೊಲದಲ್ಲಿ ಟೊಮ್ಯಾಟೋ ಬಳ್ಳಿಗೆ ಕೋಲು ಕೊಟ್ಟ ಹಾಗೆ ಸಾಲು ಸಾಲು ಆಂಟೆನಾ. ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ, ಪೂರ್ವ ಪಶ್ಚಿಮಕ್ಕೆ 1.4 ಕಿಲೋಮೀಟರು, ದಕ್ಷಿಣಕ್ಕೆ 0.45 ಕಿಲೋಮೀಟರು, ಒಟ್ಟು 1000 ದ್ವಿಧ್ರುವಗಳು. ಕೇಳ್ತಿದ್ದದ್ದು 34.5 ಮೆಗಾಹರ್ಟ್ಸ್‌ನಲ್ಲಿ. ಹಳೇ ಕಾಲದ ಪೊಲೀಸ್ ಸೆಟ್ಟುಗಳು ಹಲವು ದೇಶಗಳಲ್ಲಿ ಓಡಿದ್ದು ಇದೇ 30ರಿಂದ 50ರ ಆಸುಪಾಸಿನಲ್ಲಿ.

ಅದಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಆ ‘ಸ್ಸ್ಸ್’ ಸದ್ದು ಇದೆಯಲ್ಲ, ಅದರಲ್ಲಿ ಒಂದು ಪಾಲು ಆಕಾಶದಿಂದಲೇ ಬರೋದು. 1930ರ ದಶಕದ ಮೊದಲಲ್ಲಿ ಕಾರ್ಲ್ ಜಾನ್‌ಸ್ಕಿ ಅನ್ನೋ ಎಂಜಿನಿಯರಿಗೆ ಬೆಲ್ ಲ್ಯಾಬ್ಸ್‌ನೋರು ‘ರೇಡಿಯೋ ಟೆಲಿಫೋನಿನಲ್ಲಿ ಈ ಸದ್ದು ಎಲ್ಲಿಂದ ಬರ್ತಿದೆ ಪತ್ತೆ ಮಾಡಪ್ಪ’ ಅಂದಿದ್ದರು. ಆತ ಹುಡುಕ್ಕೊಂಡು ಹೋಗಿ, ಅದರಲ್ಲಿ ಒಂದಿಷ್ಟು ಆಕಾಶಗಂಗೆಯಿಂದ ಬರ್ತಿದೆ ಅಂತ 1933ರಲ್ಲಿ ಸಾರಿದ. ರೇಡಿಯೋ ಖಗೋಳವಿಜ್ಞಾನ ಹುಟ್ಟಿದ್ದೇ ಹಾಗೆ. ಅಂದರೆ ಕೋಟಾಲದಿನ್ನೆಯ ವಿಜ್ಞಾನಿಗಳಿಗೆ ಬೇಕಾಗಿದ್ದದ್ದು ಸದ್ದು, ಠಾಣೆಯ ಮಾವನಿಗೆ ಬೇಕಾಗಿದ್ದದ್ದು ಸದ್ದಿನೊಳಗಿನ ಮಾತು. ಇಬ್ಬರೂ ಕೂತಿದ್ದದ್ದು ಒಂದೇ ತಾಲ್ಲೂಕಿನಲ್ಲಿ, ಇಬ್ಬರ ಕೆಲಸವೂ ಕಿವಿಗೊಟ್ಟು ಕೇಳೋದು. ಡಿಜಿಟಲ್ ಸೆಟ್ಟು ಈ ಕೆಲಸವನ್ನ ಮನುಷ್ಯನ ಕಿವಿಯಿಂದ ಕಿತ್ಕೊಂಡು ಒಂದು ಚಿಪ್ಪಿಗೆ ಕೊಟ್ಟಿದೆ. ಚಿಪ್ಪು ‘ಇದು ಮಾತಲ್ಲ’ ಅಂತ ತೀರ್ಮಾನಿಸಿದರೆ ಮುಗೀತು, ಮೇಲ್ಮನವಿ ಇಲ್ಲ.

ಆ ಚಿಪ್ಪಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಇದರಲ್ಲಿ ವೋಕೋಡರ್ ಅಂತ ಒಂದು ಭಾಗ. ಅದು ನಿಮ್ಮ ದನಿಯನ್ನ ಹಾಗೇ ಕಳಿಸೋದಿಲ್ಲ. ಒಂದು ಗಂಟಲು, ಒಂದು ಬಾಯಿ ಹೇಗೆ ಕೆಲಸ ಮಾಡುತ್ತೆ ಅನ್ನೋ ಲೆಕ್ಕ ಇಟ್ಕೊಂಡು, ‘ಈ ಕ್ಷಣ ಗಂಟಲು ಹೀಗಿತ್ತು’ ಅನ್ನೋ ಟಿಪ್ಪಣಿ ಮಾತ್ರ ಕಳಿಸುತ್ತೆ. ಆ ಕಡೆಯ ಸೆಟ್ಟು ಟಿಪ್ಪಣಿ ನೋಡಿ ದನಿಯನ್ನ ಮತ್ತೆ ಕಟ್ಟುತ್ತೆ. ಒಬ್ಬನೇ ಮನುಷ್ಯ ಸದ್ದಿಲ್ಲದ ಕೋಣೆಯಲ್ಲಿ ಮಾತಾಡಿದರೆ ಬಹಳ ಚೆನ್ನ. ಆದರೆ ಬೆಂಕಿ ಬಿದ್ದ ಮನೆಯಲ್ಲಿ ಸದ್ದಿಲ್ಲದ ಕೋಣೆ ಎಲ್ಲಿಂದ ಬರಬೇಕು? ಗರಗಸ, ನೀರಿನ ಪಂಪು, ಸೈರನ್ನು, ಅಗ್ನಿಶಾಮಕ ಸಿಬ್ಬಂದಿ ಬೆನ್ನಿಗೆ ಕಟ್ಕೊಂಡ ಗಾಳಿ ಸಿಲಿಂಡರಿನ ಎಚ್ಚರಿಕೆ ಗಂಟೆ. ಇದೆಲ್ಲವನ್ನೂ ವೋಕೋಡರು ಗಂಟಲು ಅಂದ್ಕೊಂಡು ಲೆಕ್ಕ ಹಾಕೋದಕ್ಕೆ ಹೋಗಿ ಎಡವುತ್ತೆ. ಮಾತು ಕಲಸಿ ಗೊರಗೊರ ಆಗುತ್ತೆ. ಅಮೆರಿಕದ ಫೈರ್ ಚೀಫ್‌ಗಳ ಸಂಘಕ್ಕೆ ಇಂಥ ದೂರುಗಳು ಬಂದ ಮೇಲೆ ಅಲ್ಲಿನ ಸರ್ಕಾರಿ ಪ್ರಯೋಗಾಲಯವೊಂದು ಪರೀಕ್ಷೆ ಮಾಡಿ 2008ರಲ್ಲಿ ವರದಿ ಕೊಟ್ಟಿತು. ಬೆಂಕಿ ಜಾಗದ ಹಲವು ಸದ್ದುಗಳ ನಡುವೆ ಹಳೇ ಅನಲಾಗ್ ಸೆಟ್ಟಿನ ಮಾತೇ ಡಿಜಿಟಲ್‌ಗಿಂತ ಚೆನ್ನಾಗಿ ತಿಳೀತಿತ್ತು. ಕೆಲವು ಸದ್ದುಗಳ ಮುಂದೆ ಎರಡೂ ಸೋತವು, ಅದನ್ನೂ ಹೇಳಬೇಕು. ಆಮೇಲೆ ವೋಕೋಡರುಗಳು ಸುಧಾರಿಸಿವೆ. ಆದರೂ ವಿದುರಾಶ್ವತ್ಥದ ಜಾತ್ರೆಯಲ್ಲಿ, ತಮಟೆ ನಾದಸ್ವರದ ಪಕ್ಕ ನಿಂತ ಪೇದೆಯೊಬ್ಬ ‘ಮಗು ಕಳೆದಿದೆ’ ಅಂತ ಹೇಳಿದರೆ ಆ ಚಿಪ್ಪು ಯಾರ ದನಿಯನ್ನ ಗಂಟಲು ಅಂತ ಆರಿಸ್ಕೊಳ್ಳುತ್ತೋ ನೋಡಬೇಕು!

ಇನ್ನೊಂದು ಮಾತು. ಆ ಪರೀಕ್ಷೆ ನಡೆದದ್ದು ಇಂಗ್ಲಿಷ್ ಪದಗಳಿಟ್ಕೊಂಡು. ನಮ್ಮ ಕನ್ನಡದಲ್ಲಿ ಬೇಕು ಬೇಡ ಎಲ್ಲ ಇರೋದು ಮಾತಿನ ಬಾಲದಲ್ಲಿ. ‘ಒಳಗೆ ಹೋಗಬಹುದು’, ‘ಒಳಗೆ ಹೋಗಬಾರದು’. ನಡುವೆ ಇರೋ ವ್ಯತ್ಯಾಸ ಒಂದೂವರೆ ಅಕ್ಷರ. ಬಾಲ ಕಲಸಿದರೆ ಉರಿಯೋ ಮನೆಯೊಳಗೆ ಒಬ್ಬ ಹೋಗಿಬಿಡ್ತಾನೆ. ಇಂಗ್ಲಿಷಿನೋರದ್ದು ಉಲ್ಟಾ ತೊಂದರೆ. ಅವರ ಬೇಡ ಇರೋದು ತಲೆಯಲ್ಲಿ. ಟ್ರಂಕಿಂಗ್ ವ್ಯವಸ್ಥೆಯಲ್ಲಿ ಗುಂಡಿ ಒತ್ತಿದ ಮೇಲೆ ಗೋಪುರ ‘ಸರಿ ಮಾತಾಡು’ ಅಂತ ಚಾನೆಲ್ ಕೊಡೋ ತನಕ ಒಂದು ಕ್ಷಣ ಕಾಯಬೇಕು. ಬೀಪ್ ಕೇಳೋ ಮೊದಲೇ ಮಾತು ಶುರು ಮಾಡಿದರೆ ಮೊದಲ ಪದವೇ ನುಂಗಿಹೋಗುತ್ತೆ. ‘ಸುಡಬೇಡ’ ಅಂದದ್ದು ‘ಸುಡು’ ಆಗಬಹುದು. ಪ್ರಾಣಭಯದಲ್ಲಿ ಇರೋನು ಬೀಪ್‌ಗೆ ಕಾಯ್ತಾನಾ?

ನ್ಯೂಯಾರ್ಕಿನ ಅಗ್ನಿಶಾಮಕ ದಳದ ಕಥೆ ನನ್ನನ್ನ ಬಹಳ ಕಾಡ್ತು. 2001ರ ಮಾರ್ಚ್‌ನಲ್ಲಿ ಅವರು ಹೊಸ ಡಿಜಿಟಲ್ ವಾಕಿಟಾಕಿಗಳನ್ನ ಹಂಚಿದರು. ಒಂದು ವಾರ ಆಗೋದರೊಳಗೆ, ಕ್ವೀನ್ಸ್ ಭಾಗದ ಒಂದು ಮನೆಯ ನೆಲಮಾಳಿಗೆಯಲ್ಲಿ ಸಿಕ್ಕಿಹಾಕ್ಕೊಂಡ ಒಬ್ಬರು ‘ಮೇಡೇ’ ಅಂತ ಕೂಗಿದ್ದು ಅಲ್ಲೇ ಹತ್ತಿರ ಇದ್ದೋರಿಗೆ ಕೇಳಿಸಲಿಲ್ಲ. ಆತ ಬದುಕಿದ. ಇಲಾಖೆ ಎಲ್ಲ ಹೊಸ ಸೆಟ್ಟುಗಳನ್ನ ವಾಪಸ್ ತಗೊಂಡು ಹಳೇವನ್ನೇ ಕೊಟ್ಟಿತು. ಆರು ತಿಂಗಳಾದ ಮೇಲೆ ಸೆಪ್ಟೆಂಬರ್ 11. ಆವತ್ತು ಅವಳಿ ಗೋಪುರದ ಮೆಟ್ಟಿಲು ಹತ್ತಿದೋರ ಕೈಯಲ್ಲಿ ಇದ್ದದ್ದು ಹಳೇ ಅನಲಾಗ್ ಸೆಟ್ಟು. ಅದೂ ಕೈಕೊಟ್ಟಿತು. ‘ಎಲ್ಲರೂ ಕೆಳಗಿಳೀರಿ’ ಅನ್ನೋ ಆದೇಶ ಉತ್ತರ ಗೋಪುರದಲ್ಲಿ ಇದ್ದ ಎಷ್ಟೋ ಜನಕ್ಕೆ ಕೇಳಿಸಲೇ ಇಲ್ಲ. ಕಟ್ಟಡದೊಳಗಿನ ರಿಪೀಟರನ್ನ ಪೂರ್ತಿ ಚಾಲೂ ಮಾಡೋದಕ್ಕೆ ಒತ್ತಬೇಕಿದ್ದ ಎರಡನೇ ಗುಂಡಿ ಒತ್ತಿರಲಿಲ್ಲ ಅಂತ ವಿಚಾರಣಾ ಆಯೋಗ ಆಮೇಲೆ ಬರೀತು. ಆ ದಿನ ಸತ್ತ ಅಗ್ನಿಶಾಮಕ ಸಿಬ್ಬಂದಿ 343. ಮಾವನ ಮಾತು ಪೂರ್ತಿ ನಿಜ ಅಲ್ಲ ಅಂದದ್ದು ಇದಕ್ಕೇ. ಹಳೇದು ಅಂದ ಮಾತ್ರಕ್ಕೆ ಚಿನ್ನ ಅಲ್ಲ. ಕಾಂಕ್ರೀಟು, ಕಬ್ಬಿಣ, ಎತ್ತರ ಇವಕ್ಕೆ ಅನಲಾಗು ಡಿಜಿಟಲ್ಲು ಅನ್ನೋ ಭೇದ ಇಲ್ಲ.

ಈಗ ಆ ಜೀಪಿನ ವಿಷಯ. ಮಾವನ ಕಾಲದಲ್ಲಿ ಒಂದು ಚಾನೆಲ್ಲಿನ ಮೇಲೆ ಇರೋರೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ. ಒಬ್ಬರ ಮಾತು ಎಲ್ಲರ ಕಿವಿಗೆ. ಡಿಜಿಟಲ್ ಟ್ರಂಕಿಂಗಿನಲ್ಲಿ ಟಾಕ್‌ಗ್ರೂಪ್ ಅಂತ ಗುಂಪು ಮಾಡ್ತಾರೆ. ಸಂಚಾರದೋರದ್ದು ಬೇರೆ, ಠಾಣೆಯದ್ದು ಬೇರೆ, ಬಂದೋಬಸ್ತಿನದ್ದು ಬೇರೆ. ಗಲಾಟೆ ಕಡಿಮೆ, ಶಿಸ್ತು ಹೆಚ್ಚು, ಒಪ್ಕೊಳ್ಳೋಣ. ಆದರೆ ಕರೆಯದೇ ಬರೋ ಜೀಪು ಇನ್ನು ಬರೋದಿಲ್ಲ. ನಾರ್ವೆಯಲ್ಲಿ 2011ರ ಜುಲೈ 22ರಂದು ಉಟೋಯಾ ದ್ವೀಪದಲ್ಲಿ ಒಬ್ಬ ಬಂದೂಕು ಹಿಡಿದು 69 ಜನರನ್ನ ಕೊಂದ, ಬಹಳ ಮಂದಿ ಹದಿಹರೆಯದ ಮಕ್ಕಳು. ಓಸ್ಲೋದ ಪೊಲೀಸರ ಹತ್ತಿರ ಹೊಸ ಡಿಜಿಟಲ್ ರೇಡಿಯೋ ಇತ್ತು. ದ್ವೀಪ ಇದ್ದ ಪಕ್ಕದ ಜಿಲ್ಲೆಗೆ ಆ ಜಾಲ ಇನ್ನೂ ಬಂದಿರಲಿಲ್ಲ, ಅವರದ್ದು ಹಳೇ ಸೆಟ್ಟು. ಇವರ ಮಾತು ಅವರಿಗಿಲ್ಲ, ಅವರ ಮಾತು ಇವರಿಗಿಲ್ಲ. ಮೊಬೈಲ್ ಹಿಡಿದು ಪರದಾಡಿದರು. ಇದು ಡಿಜಿಟಲ್ಲಿನ ದೋಷ ಅನ್ನೋದಕ್ಕಿಂತ ಅರ್ಧ ಬದಲಾಯಿಸಿದ್ದರ ದೋಷ. ಆದರೆ ಎಲ್ಲ ಕಡೆಯೂ ಬದಲಾವಣೆ ಅರ್ಧರ್ಧವಾಗಿಯೇ ಅಲ್ಲವೇ ನಡೆಯೋದು?

ನಮ್ಮೂರಿನೋರಿಗೆ ಇದು ಬೇಗ ಅರ್ಥ ಆಗುತ್ತೆ. ನಾವಿರೋದು ಗಡಿಯಲ್ಲಿ. ರೈಲಿನಲ್ಲಿ ಗೌರಿಬಿದನೂರು ಬಿಟ್ಟು ವಿದುರಾಶ್ವತ್ಥ ದಾಟಿದರೆ ಹಿಂದೂಪುರ, ಅದು ಆಂಧ್ರ. ಇನ್ನೂ ಸ್ವಲ್ಪ ಮುಂದೆ ಪೆನುಕೊಂಡ. 2012ರ ಮೇ 22ರ ಬೆಳಗಿನ ಜಾವ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರ್ತಿದ್ದ ಹಂಪಿ ಎಕ್ಸ್‌ಪ್ರೆಸ್ ನಿಂತಿದ್ದ ಗೂಡ್ಸ್ ರೈಲಿಗೆ ಗುದ್ದಿದ್ದು ಅಲ್ಲೇ. ಊರು ಆಂಧ್ರದ್ದು, ಪ್ರಯಾಣಿಕರಲ್ಲಿ ಬಹಳ ಮಂದಿ ಕನ್ನಡದೋರು. 2023ರ ಅಕ್ಟೋಬರ್‌ನಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಗಾಡಿ ಗುದ್ದಿ 13 ಜನ ಹೋದರಲ್ಲ, ಅಲ್ಲಿ ಉಲ್ಟಾ. ಊರು ನಮ್ಮದು, ಜನ ಆಂಧ್ರದ ಕಡೆಯೋರು. ಗಡಿಯಲ್ಲಿ ಅಪಘಾತ ಪಹಣಿ ನೋಡ್ಕೊಂಡು ಆಗೋದಿಲ್ಲ. ಎರಡು ಕಡೆಯೋರ ಹತ್ತಿರವೂ ಹಳೇ ಎಫ್‌ಎಂ ಸೆಟ್ಟಿದ್ದರೆ, ಕಂಪನಿ ಯಾವುದೇ ಇರಲಿ, ಫ್ರೀಕ್ವೆನ್ಸಿ ಒಂದು ಮಾಡಿದರೆ ಮಾತು ಶುರು. ಆದರೆ ಒಂದು ಕಡೆ ಟೆಟ್ರಾ, ಇನ್ನೊಂದು ಕಡೆ ಡಿಎಂಆರ್ ಆದರೆ? ಎರಡೂ ಡಿಜಿಟಲ್ಲೇ, ಆದರೂ ಒಂದು ಇನ್ನೊಂದಕ್ಕೆ ಬರೀ ಗೊರಗೊರ. ನಡುವೆ ಗೇಟ್‌ವೇ ಅಂತ ದುಬಾರಿ ದುಭಾಷಿಯನ್ನ ಕೂರಿಸಬೇಕು. ನಮ್ಮ ಸಂತೆಯಲ್ಲಿ ತೆಲುಗು ಕನ್ನಡ ಎರಡೂ ದುಭಾಷಿ ಇಲ್ಲದೇ ನಡೀತಾವೆ, ಪಾಪ ಈ ಯಂತ್ರಗಳಿಗೆ ಅಷ್ಟೂ ಬರೋದಿಲ್ಲ.

ಗೋಪುರದ ಮೇಲಿನ ಅವಲಂಬನೆ ಇನ್ನೊಂದು ದೊಡ್ಡ ಕಥೆ. ಹಳೇ ರಿಪೀಟರಂದರೆ ಬೆಟ್ಟದ ಮೇಲೊಂದು ಪೆಟ್ಟಿಗೆ, ಒಂದಿಷ್ಟು ಬ್ಯಾಟರಿ. ಅದು ಸತ್ತರೂ ಸೆಟ್ಟಿನಿಂದ ಸೆಟ್ಟಿಗೆ ನೇರ ಮಾತಾಡಬಹುದಿತ್ತು. ಟೆಟ್ರಾದಂಥದ್ದರಲ್ಲಿ ಗೋಪುರ, ಗೋಪುರದಿಂದ ಕೇಂದ್ರಕ್ಕೆ ಕೇಬಲ್ಲು, ಕೇಂದ್ರದಲ್ಲಿ ಕಂಪ್ಯೂಟರು ಎಲ್ಲ ಬದುಕಿರಬೇಕು. ನೇರ ಮಾತಿನ ಸೌಲಭ್ಯ ಅದರಲ್ಲೂ ಇದೆ, ಆದರೆ ಅದಕ್ಕೆ ಎಲ್ಲರೂ ಒಟ್ಟಿಗೆ ಸೆಟ್ಟಿನಲ್ಲಿ ಆ ವ್ಯವಸ್ಥೆಗೆ ಬದಲಾಯಿಸ್ಕೋಬೇಕು. ಗಾಬರಿಯಲ್ಲಿ ಅದು ಯಾರಿಗೆ ನೆನಪಾಗುತ್ತೆ? 2021ರ ಜುಲೈನಲ್ಲಿ ಜರ್ಮನಿಯ ಆರ್ ಕಣಿವೆಯಲ್ಲಿ ಪ್ರವಾಹ ಬಂದಾಗ ಕರೆಂಟು ಹೋಯ್ತು, ಕೇಬಲ್ಲು ಕೊಚ್ಚಿಹೋಯ್ತು, ಡಿಜಿಟಲ್ ರೇಡಿಯೋ ಗೋಪುರಗಳು ಒಂದೊಂದಾಗಿ ಮೂಕವಾದವು. ಆ ಕಣಿವೆಯೊಂದರಲ್ಲೇ 130ಕ್ಕೂ ಹೆಚ್ಚು ಜನ ಸತ್ತರು. ನೆದರ್ಲ್ಯಾಂಡ್ಸ್‌ನ ಸಿ2000 ಜಾಲದ್ದು ಇನ್ನೊಂದು ಥರ. 2009ರ ಆಗಸ್ಟ್‌ನಲ್ಲಿ ಸಮುದ್ರ ತೀರದ ಒಂದು ಉತ್ಸವದಲ್ಲಿ ಗಲಭೆಯಾದಾಗ ಜಾಲ ಮುರೀಲಿಲ್ಲ, ಉಸಿರುಕಟ್ಟಿತು. ಎಲ್ಲ ಪೊಲೀಸರೂ ಒಂದೇ ಗೋಪುರದ ಕೆಳಗೆ ಒಟ್ಟಿಗೆ ಗುಂಡಿ ಒತ್ತಿದರೆ ಕೊಡೋದಕ್ಕೆ ಚಾನೆಲ್ ಎಲ್ಲಿದೆ? ಎಲ್ಲರೂ ಸಾಲಿನಲ್ಲಿ ನಿಲ್ಲಬೇಕಾಯ್ತು.

ಎಲ್ಲವನ್ನೂ ಒಂದೇ ಕೇಂದ್ರಕ್ಕೆ ಕಟ್ಟಿದರೆ ಏನಾಗುತ್ತೆ ಅಂತ ತಿಳಿಯೋದಕ್ಕೆ ನಾವು ಜರ್ಮನಿಗೆ ಹೋಗಬೇಕಾಗಿಲ್ಲ. ರೇಡಿಯೋ ವಿಷಯ ಅಲ್ಲ, ಆದರೂ ಹೇಳ್ತೀನಿ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾದದ್ದು 2008ರ ನವೆಂಬರ್ 1ರಂದು. ಎಷ್ಟು ಜೀವ ಉಳಿಸಿದೆಯೋ ಲೆಕ್ಕ ಇಲ್ಲ. ಇಡೀ ರಾಜ್ಯದ ಕರೆಗಳು ಹೋಗೋದು ಬೆಂಗಳೂರಿನ ಒಂದು ಕೇಂದ್ರಕ್ಕೆ. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಯಂತ್ರ ಕೆಟ್ಟು, ರಾಜ್ಯದ ಮೂಲೆಮೂಲೆಯ ಜನ ಫೋನು ಹಿಡಿದು ಕಾಯ್ತಾ ಕೂರಬೇಕಾಯ್ತು. ಆಂಬುಲೆನ್ಸು ಪಕ್ಕದ ಬೀದಿಯಲ್ಲೇ ನಿಂತಿದ್ದರೂ, ಅದಕ್ಕೆ ಹೇಳೋರು ನೂರು ಮೈಲಿ ದೂರದಲ್ಲಿ!

ನಮ್ಮ ಕಲ್ಲು ಕ್ವಾರಿಗಳ ಜಿಲ್ಲೆಗೆ ಹೊಂದೋ ಇನ್ನೊಂದು ಅಡ್ಡಿ ಇದೆ. ಓದಿದಾಗ ಹೌದಲ್ಲ ಅನ್ನಿಸ್ತು. ಹಳೇ ವಾಕಿಟಾಕಿ ಗುಂಡಿ ಒತ್ತೋ ತನಕ ಪಾಪದ ಪ್ರಾಣಿ, ಒಂದಿಷ್ಟೂ ತರಂಗ ಬಿಡೋದಿಲ್ಲ. ಟೆಟ್ರಾದಂಥ ಟ್ರಂಕಿಂಗ್ ಸೆಟ್ಟು ಮೊಬೈಲಿನ ಹಾಗೆ. ನೀವು ಸುಮ್ಮನಿದ್ದರೂ ಅದು ಆಗಾಗ ಗೋಪುರಕ್ಕೆ ‘ನಾನಿಲ್ಲಿದ್ದೀನಿ’ ಅಂತ ತಾನಾಗೇ ಕೂಗುತ್ತೆ. ವಿದ್ಯುತ್ ಡಿಟೋನೇಟರುಗಳ ಹತ್ತಿರ ರೇಡಿಯೋ ತರಂಗ ಅಪಾಯ ಅನ್ನೋದು ಹಳೇ ಪಾಠ. 2021ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸ್ಫೋಟವಾಗಿ 6 ಜನ ಸತ್ತದ್ದು ನೆನಪಿರಬಹುದು. ಅದಕ್ಕೆ ರೇಡಿಯೋ ಕಾರಣ ಅಲ್ಲವೇ ಅಲ್ಲ. ಆದರೆ ಅಂಥ ಜಾಗಕ್ಕೆ ತನಿಖೆಗೆ ಹೋಗೋರು ಸೊಂಟದಲ್ಲಿ ಏನು ಕಟ್ಕೊಂಡಿದ್ದಾರೆ ಅನ್ನೋದು ಮುಖ್ಯ ಆಗುತ್ತೆ. ಟೆಟ್ರಾ ಸೆಟ್ಟಿನಲ್ಲಿ ಪ್ರಸಾರ ತಡೆಯೋ ವ್ಯವಸ್ಥೆ ಅಂತ ಒಂದಿದೆ, ನೆನಪಿಟ್ಕೊಂಡು ಅದನ್ನ ಹಾಕಬೇಕು. ಹಳೇ ಸೆಟ್ಟಿಗಾದರೆ ಬೆರಳು ದೂರ ಇಟ್ಟರೆ ಸಾಕಿತ್ತು.

ಗುಟ್ಟಿನ ವಿಷಯಕ್ಕೆ ಬರೋಣ. ಡಿಜಿಟಲ್ ಕೊಳ್ಳೋದಕ್ಕೆ ಎಲ್ಲರೂ ಹೇಳೋ ದೊಡ್ಡ ಕಾರಣ, ಯಾರೂ ಕದ್ದು ಕೇಳೋದಕ್ಕಾಗಲ್ಲ ಅನ್ನೋದು. 2023ರ ಜುಲೈನಲ್ಲಿ ಡಚ್ ಸಂಶೋಧಕರು ಟೆಟ್ರಾದ ಗೂಢಲಿಪಿ ಪದ್ಧತಿಗಳನ್ನ ಬಿಚ್ಚಿ ನೋಡಿದ್ದನ್ನ ಹೊರಗೆ ಹೇಳಿದರು. ಟಿಇಎ1 ಅನ್ನೋದರ ಬೀಗದ ಕೈ 80 ಬಿಟ್ ಅಂತ ಹೆಸರು. ಒಳಗೆ ಅದನ್ನ 32 ಬಿಟ್‌ಗೆ ಇಳಿಸೋ ಹಂತ ಇತ್ತು. ಅಂದರೆ ಹಿತ್ತಿಲ ಬಾಗಿಲು. ಮಾಮೂಲಿ ಕಂಪ್ಯೂಟರಿನಿಂದ ನಿಮಿಷಗಳಲ್ಲಿ ತೆಗೀಬಹುದು. ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ಅದರ ಒಳಗುಟ್ಟನ್ನ ಮುಚ್ಚಿಟ್ಟಿದ್ದರಿಂದ ಹೊರಗಿನೋರು ಪರೀಕ್ಷಿಸೋ ಹಾಗೇ ಇರಲಿಲ್ಲ. ಹಳೇ ಸೆಟ್ಟು ಹಿಡಿದೋನಿಗೆ ‘ಯಾರೋ ಕೇಳ್ತಿರಬಹುದು’ ಅನ್ನೋ ಎಚ್ಚರ ಇರ್ತಿತ್ತು. ಹೊಸ ಸೆಟ್ಟು ಹಿಡಿದೋನಿಗೆ ಅದೂ ಇಲ್ಲ.

ಗುಟ್ಟು ಗಟ್ಟಿಯಾಗಿದ್ದರೂ ನನಗೊಂದು ಕಸಿವಿಸಿ ಇದೆ. ನಮ್ಮ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಮೈಸೂರು ಸರ್ಕಾರದ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತೋರು ಹತ್ತು. ಊರೋರು ಇವತ್ತಿಗೂ ಹೇಳೋದು 32. ಅಲ್ಲಿ ವೈರ್‌ಲೆಸ್ಸೂ ಇರಲಿಲ್ಲ, ಏನೂ ಇರಲಿಲ್ಲ. ಆದರೆ ಆದೇಶ ಕೊಟ್ಟೋರು ಯಾರು, ಏನಂತ ಕೊಟ್ಟರು, ಎಷ್ಟು ಜನಕ್ಕೆ ಪೆಟ್ಟಾಯ್ತು ಅನ್ನೋದಕ್ಕೆ ಪೊಲೀಸರ ಹೊರತಾಗಿ ಇನ್ನೊಂದು ಕಿವಿ ಇದ್ದಿದ್ದರೆ ಅಂತ ಅನ್ನಿಸೋದು ತಪ್ಪಾ? ನ್ಯೂಯಾರ್ಕ್ ಪೊಲೀಸರು 2023ರಿಂದ ತಮ್ಮ ರೇಡಿಯೋಗಳಿಗೆ ಬೀಗ ಹಾಕೋದಕ್ಕೆ ಶುರು ಮಾಡಿದಾಗ ಅಲ್ಲಿನ ಪತ್ರಕರ್ತರು ಎತ್ತಿದ್ದೂ ಇದೇ ಪ್ರಶ್ನೆ. ಆದರೆ ಇದರಲ್ಲಿ ಮಾವನೂ ನಾನೂ ಒಂದಾಗಲ್ಲ. ‘ಎಲ್ಲ ಊರ ಬಾಯಿಗೆ ಹಾಕಬೇಕೇನೋ?’ ಅಂತ ಬೈದರು.

ಕಾಸಿನ ಮಾತು ಬೇಗ ಮುಗಿಸ್ತೀನಿ. ಒಂದು ಕಂಪನಿಯ ಜಾಲಕ್ಕೆ ಒಮ್ಮೆ ಸಿಕ್ಕಿಹಾಕ್ಕೊಂಡರೆ ಬಿಡಿಸ್ಕೊಳ್ಳೋದು ಕಷ್ಟ. ಬ್ರಿಟನ್ನಿನ ಏರ್‌ವೇವ್ ಜಾಲ 2019ರ ಕೊನೆಗೆ ಮುಚ್ಚಬೇಕಿತ್ತು, ಅದರ ಬದಲಿಗೆ ಬರಬೇಕಾದದ್ದು ಮುಂದೆ ಹೋಗ್ತಾ ಹೋಗ್ತಾ 2029ರ ಮಾತಾಡ್ತಿದ್ದಾರೆ. ಈ ನಡುವೆ ಆ ಜಾಲದ ಒಡೆಯರಾದ ಮೋಟೊರೋಲಾ ವರ್ಷಕ್ಕೆ ಸುಮಾರು 20 ಕೋಟಿ ಪೌಂಡಿನಷ್ಟು ಹೆಚ್ಚುವರಿ ಲಾಭ ಮಾಡ್ತಿದೆ ಅಂತ ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2023ರಲ್ಲಿ ಹೇಳಿ ದರಕ್ಕೆ ಮಿತಿ ಹಾಕ್ತು.

ಕೊನೆಯದಾಗಿ ಗಡಿಯಾರ. ಇದು ಮತ್ತೆ ಕೋಟಾಲದಿನ್ನೆಗೆ ಕರ್ಕೊಂಡು ಹೋಗುತ್ತೆ. ಡಿಜಿಟಲ್ ಜಾಲಗಳು ಕ್ಷಣವನ್ನ ಚೂರು ಚೂರು ಮಾಡಿ ಒಬ್ಬೊಬ್ಬರಿಗೆ ಹಂಚ್ತಾವೆ. ಅದಕ್ಕೆ ಗೋಪುರಗಳ ಗಡಿಯಾರ ಒಂದಕ್ಕೊಂದು ಕೂಡಬೇಕು. ಎಷ್ಟೋ ಜಾಲಗಳು ಈ ಸಮಯವನ್ನ ಜಿಪಿಎಸ್ ಉಪಗ್ರಹದಿಂದ ತಗೊಳ್ತಾವೆ. 2019ರ ಏಪ್ರಿಲ್‌ನಲ್ಲಿ ಜಿಪಿಎಸ್‌ನ ವಾರದ ಲೆಕ್ಕ ಸೊನ್ನೆಗೆ ತಿರುಗಿದಾಗ, ನ್ಯೂಯಾರ್ಕ್ ನಗರ 2001ರ ಪಾಠದ ಮೇಲೆ ಕಟ್ಟಿಸ್ಕೊಂಡಿದ್ದ ನಿಸ್ತಂತು ದತ್ತಾಂಶ ಜಾಲ ಸುಮಾರು ಹತ್ತು ದಿನ ಮಲಗ್ತು. ದಿನಾಂಕ ಬದಲಾದದ್ದಕ್ಕೆ! ಅದು ಮನುಷ್ಯರ ಮರೆವು. ಸೂರ್ಯನದ್ದೂ ಒಂದಿದೆ. 2006ರ ಡಿಸೆಂಬರ್ 6ರಂದು ಸೂರ್ಯನಿಂದ ಬಂದ ಭಾರೀ ರೇಡಿಯೋ ಸ್ಫೋಟಕ್ಕೆ ಆಗ ಹಗಲಿದ್ದ ಕಡೆಯ ಜಿಪಿಎಸ್ ರಿಸೀವರುಗಳು ತಡವರಿಸಿದವು. ಸೂರ್ಯನ ಇಂಥ ರೇಡಿಯೋ ಕೋಪವನ್ನ ದಿನಾ ಕೂತು ನೋಡೋ ಜಾಗಗಳಲ್ಲಿ ನಮ್ಮ ಗೌರಿಬಿದನೂರಿನದ್ದೂ ಒಂದು. 1997ರಿಂದ ಅಲ್ಲಿ ಸೂರ್ಯನಿಗೆಂದೇ ಬೇರೆ ರೇಡಿಯೋ ಚಿತ್ರಗ್ರಾಹಕ ಇದೆ.

ಇಷ್ಟೆಲ್ಲ ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಅರ್ಧಕ್ಕೇ ತಡೆದು, ‘ಹಾಗಾದರೆ ಹಳೇ ಸೆಟ್ಟೇ ಇಟ್ಕೊಳ್ಳಿ ಅಂತೀಯಾ?’ ಅಂದರು. ಇಲ್ಲ ಮಾವ, ಅದಕ್ಕೆ ಬಿಡಿಭಾಗವೇ ಸಿಗಲ್ಲ, ಜಾಗವೂ ಇಲ್ಲ, ಹೊಸದು ಬರೋದು ಬರ್ಲೇಬೇಕು ಅಂದೆ. ಆದರೆ ಹಳೇದನ್ನ ಗುಜರಿಗೆ ಹಾಕೋ ಮುಂಚೆ, ಪ್ರತಿ ತಾಲ್ಲೂಕಿನಲ್ಲಿ ಒಂದು ಎಫ್‌ಎಂ ಚಾನೆಲ್ಲು, ಒಂದಿಷ್ಟು ಸೆಟ್ಟು, ಕಿವಿ ಪಳಗಿದ ಇಬ್ಬರು ಆಪರೇಟರು ಇರಲಿ ಅನ್ನೋದು ನನ್ನ ವಾದ. 2004ರ ಸುನಾಮಿ ಬಂದಾಗ ಅಂಡಮಾನಿನಿಂದ ಹೊರಗಿನ ಪ್ರಪಂಚಕ್ಕೆ ಸುದ್ದಿ ಮುಟ್ಟಿಸಿದ್ದು ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ರೇಡಿಯೋದ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರು. 2024ರಲ್ಲಿ ವಯನಾಡಿನ ಗುಡ್ಡ ಕುಸಿದಾಗಲೂ ಹ್ಯಾಮ್‌ಗಳು ಸೆಟ್ಟು ಹೊತ್ಕೊಂಡು ಹೋದರು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಆ ಬಸ್ಸಿನ ದಿನ ಕೂಗಿದ ಪೇದೆ ಯಾರು ಗೊತ್ತಾ? ಅವನಿಗೆ ಮಾತೇ ತೊದಲು. ಸೆಟ್ಟಿನ ಮೇಲೆ ಅವನನ್ನ ಕೂರಿಸಬೇಡಿ ಅಂತ ಎಲ್ಲರೂ ಹೇಳೋರು. ನನಗೆ ಮಾತ್ರ ಅವನ ದನಿ ಅಭ್ಯಾಸ ಆಗಿತ್ತು’ ಅಂದು, ಅತ್ತೆ ಊಟಕ್ಕೆ ಕರೀತಿದ್ದಾರೆ ಅಂತ ಫೋನು ಇಟ್ಟರು.

ನಿಮ್ಮ ಮನೆಯಲ್ಲೋ ಊರಲ್ಲೋ ಹಳೇ ವೈರ್‌ಲೆಸ್ ಆಪರೇಟರುಗಳಿದ್ದರೆ ಅವರನ್ನ ಕೂರಿಸ್ಕೊಂಡು ಒಂದು ಸಂಜೆ ಮಾತಾಡಿಸಿ. ಹೇಳಿದ್ದನ್ನ ಬರೆದು ಹಾಕಿ, ನಾನು ಕಾಯ್ತಿರ್ತೀನಿ.